ಗುಂಡಿಯೊಳಗಿಂದ ಕಂಡ ದೊಡ್ಡಮ್ಮ

ನಮ್ಮ ತೋಟದ ಮನೆಯ ಬಾಗಿಲ ಮುಂದೆ ಸೊಂಟದಾಳದ ಗುಂಡಿ ತೋಡಿ ಅದರೊಳಗೆ ಕ್ಯಾಮೆರಾ ಇಳಿಸಿದ ದಿನ ನಾನು ಅಲ್ಲೇ ನಿಂತಿದ್ದೆ. ಹಾಡಹಗಲು. ಮಾವಿನ ಮರಗಳೆಲ್ಲ ಹೂ ಬಿಟ್ಟಿದ್ದವು, ತೋಟದ ತುಂಬ ಜೇನುನೊಣಗಳ ಸದ್ದು. ಗುಂಡಿಯಾಚೆ ಬಾಗಿಲಲ್ಲಿ ನಿಂತಿದ್ದವರು ನಮ್ಮ ದೊಡ್ಡಮ್ಮ. ಅವರ ಮುಖದಲ್ಲಿ ಆಗ ಹೆದರುವಂಥದ್ದು ಏನೂ ಇರಲಿಲ್ಲ. ಈ ಮಾತನ್ನು ಆಮೇಲೆ ಎಷ್ಟೋ ಜನಕ್ಕೆ ಹೇಳಿದೆ, ಯಾರೂ ನಂಬಲಿಲ್ಲ. ಒಂದು ಹೊತ್ತಿನಲ್ಲಿ ನನಗೇ ನಂಬಿಕೆ ಹೋಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಕೋಲಾರದ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದೆ. ಶನಿವಾರ ಬಂತೆಂದರೆ ಶ್ರೀನಿವಾಸಪುರದ ಬಸ್ಸು ಹತ್ತುತ್ತಿದ್ದೆ. ಮನೆ ಊರೊಳಗೆ, ತೋಟ ಊರಾಚೆ. ತೋಟದಲ್ಲಿ ತಾತ ಕಟ್ಟಿಸಿದ ಒಂದು ಮಹಡಿ ಮನೆಯಿತ್ತು. ಕೆಂಪು ಗಾರೆಯ ನೆಲ, ಉದ್ದನೆಯ ಪಡಸಾಲೆ, ಎರಡಾಳು ಎತ್ತರದ ಬಾಗಿಲು. ಮಾವಿನ ಕಾಲದಲ್ಲಿ ಕಾಯಿ ರಾಶಿ ಹಾಕುವುದಕ್ಕೆ ಬಿಟ್ಟರೆ ಅದು ಬೇರೆ ಯಾವುದಕ್ಕೂ ಬಳಕೆಯಾಗುತ್ತಿರಲಿಲ್ಲ. ಬೆಂಗಳೂರಿನಿಂದ ಬಂದ ಸಿನಿಮಾದವರಿಗೆ ಆ ಮನೆ ಇಷ್ಟವಾಯಿತು. ದೆವ್ವದ ಸಿನಿಮಾ ಅಂತ ಅಪ್ಪನಿಗೆ ಮೊದಲೇ ಹೇಳಿದ್ದರು. ಅಪ್ಪ ನಕ್ಕು, "ನಮ್ಮನೇಲಿ ಇಲಿ ಬಿಟ್ರೆ ಬೇರೆ ಏನೂ ಇಲ್ಲ, ತೆಗ್ಕೊಳ್ಳಿ" ಅಂದಿದ್ದರು.

ದೊಡ್ಡಮ್ಮ ಎಂದರೆ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡರು, ಮಕ್ಕಳಿರಲಿಲ್ಲ. ಎತ್ತರದ ಆಳು, ಸಣಕಲು ಮೈ, ಬೆಳ್ಳಗಾದ ಉದ್ದ ಕೂದಲು. ಊರಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಮಗುವಿಗೆ ನೀರು ಹಾಕಲು ದೊಡ್ಡಮ್ಮನನ್ನೇ ಕರೆಯುತ್ತಿದ್ದರು. ಬಚ್ಚಲಲ್ಲಿ ಮಣೆ ಹಾಕಿ ಕೂತು, ಕಾಲು ನೀಡಿ, ಆ ಕಾಲುಗಳ ಮೇಲೆ ಎಳೆಗೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುವುದನ್ನು ನೋಡುವುದೇ ಒಂದು ಸೊಗಸು. ಅವರ ಕೈಯಲ್ಲಿ ನೀರು ಹಾಕಿಸಿಕೊಂಡ ಮಗು ಕರೆದರೂ ಏಳದ ಹಾಗೆ ನಿದ್ದೆ ಮಾಡುತ್ತದೆ ಎಂದು ಹೆಂಗಸರು ಹೇಳುತ್ತಿದ್ದರು. ಅದಕ್ಕೆ ಅವರು ಯಾರಿಂದಲೂ ಏನನ್ನೂ ತೆಗೆದುಕೊಂಡವರಲ್ಲ. ಬೆಳಗಿನ ಹೊತ್ತು ಯಾರದ್ದಾದರೂ ಮನೆಗೆ ಹೋಗಬೇಕಾಗಿದೆ ಎನ್ನುವುದೇ ಅವರಿಗೆ ದೊಡ್ಡ ಸಡಗರ.

ಸಿನಿಮಾದಲ್ಲಿ ಒಬ್ಬ ಮುದುಕಿಯ ಪಾತ್ರವಿತ್ತು. ಅದನ್ನು ಮಾಡಬೇಕಾಗಿದ್ದ ನಟಿಗೆ ಜ್ವರ ಬಂದು ಅವರು ಬರಲೇ ಇಲ್ಲ. ನಿರ್ದೇಶಕರು ಸೊಂಟಕ್ಕೆ ಕೈ ಕೊಟ್ಟುಕೊಂಡು ಅತ್ತಿತ್ತ ಓಡಾಡುತ್ತಿದ್ದಾಗ, ಮನೆ ನೋಡಿಕೊಳ್ಳಲೆಂದು ಆ ದಿನಗಳಲ್ಲಿ ತೋಟದಲ್ಲೇ ಉಳಿದಿದ್ದ ದೊಡ್ಡಮ್ಮ, ಆಗ ತಾನೇ ತಲೆಗೆ ಎರೆದುಕೊಂಡು, ಕೂದಲು ಒಣಗಿಸುತ್ತ ಬಾಗಿಲಿಗೆ ಬಂದರು. ನಿರ್ದೇಶಕರು ಹಾಗೇ ನಿಂತುಬಿಟ್ಟರು.

"ಅಮ್ಮಾ, ನೀವು ಸುಮ್ನೆ ಹೀಗೇ ಬಾಗಿಲಲ್ಲಿ ನಿಂತ್ಕೊಂಡ್ರೆ ಸಾಕು. ಮನೆ ಹಿರಿಯರ ಪಾತ್ರ. ಮಾತು ಇಲ್ಲ" ಅಂದರು.

"ಮಾತಿಲ್ಲ ಅಂದ್ರೆ ಸರಿ. ಮಾತಾಡಕ್ಕೆ ನಂಗೆ ನಾಚ್ಕೆ" ಅಂದರು ದೊಡ್ಡಮ್ಮ. "ಸೀರೆ ಬದಲಾಯಿಸ್ಕೊಂಡ್ ಬರ್ಲಾ? ಇದು ಹಳೇದು."

"ಬೇಡಿ ಬೇಡಿ. ಇದೇ ಇರ್ಲಿ. ಕೂದಲೂ ಹಿಂಗೇ ಇರ್ಲಿ."

ಕ್ಯಾಮೆರಾ ನೋಡಿಕೊಳ್ಳುತ್ತಿದ್ದವರು ಮದರಾಸಿನಿಂದ ಬಂದವರು. ತೆಲುಗು ಬೆರೆತ ಕನ್ನಡ. ಗಿಡ್ಡ ಆಸಾಮಿ, ಸದಾ ವೀಳ್ಯ ಜಗಿಯುತ್ತಿದ್ದರು. ನಾನು ವಿಜ್ಞಾನ ಓದುವವಳು ಎಂದು ತಿಳಿದ ಮೇಲೆ ನನ್ನನ್ನು ಹತ್ತಿರ ಬಿಟ್ಟುಕೊಂಡು, ಕೇಳಿದ್ದಕ್ಕೆಲ್ಲ ಹೇಳುತ್ತಿದ್ದರು. ಅವರು ಬಂದ ದಿನದಿಂದ ಮಾಡಿದ ಕೆಲಸಗಳೆಲ್ಲ ನನಗೆ ಹುಡುಗಾಟದಂತೆ ಕಂಡಿದ್ದವು. ಕ್ಯಾಮೆರಾದ ಮೂರು ಕಾಲುಗಳಲ್ಲಿ ಒಂದರ ಕೆಳಗೆ ಇಟ್ಟಿಗೆ ಸಿಕ್ಕಿಸಿ ನಮ್ಮ ಬಾಗಿಲನ್ನು ಓರೆಯಾಗಿ ಚಿತ್ರ ತೆಗೆದರು. ಪಡಸಾಲೆಯಲ್ಲಿ ಒಂದು ಕಂಬಳಿ ಹಾಸಿ, ಅದರ ಮೇಲೆ ಕ್ಯಾಮೆರಾ ಕೂರಿಸಿ, ನುಣ್ಣನೆಯ ನೆಲದ ಮೇಲೆ ಮೆಲ್ಲಗೆ ಎಳೆಸಿದರು. ಅಟ್ಟದ ತೊಲೆಗೆ ಕ್ಯಾಮೆರಾ ಕಟ್ಟಿ ಕೆಳಗಿನ ಖಾಲಿ ಕೋಣೆಯನ್ನು ಮೇಲಿಂದ ತೆಗೆದರು. ಖಾಲಿ ಕೋಣೆಯಲ್ಲಿ ಏನಿದೆ ಎಂದು ನಾವೆಲ್ಲ ನಗುತ್ತಿದ್ದೆವು. ಲೆನ್ಸಿನ ಮುಂದೆ ಕಡು ನೀಲಿ ಗಾಜು ಹಾಕಿದ್ದರು. ಹಗಲಲ್ಲಿ ತೆಗೆದದ್ದು ಪರದೆಯ ಮೇಲೆ ರಾತ್ರಿಯಾಗಿ ಕಾಣುತ್ತದಂತೆ.

"ಗುಂಡಿ ಯಾಕೆ ಸಾರ್?" ಅಂತ ಕೇಳಿದೆ.

"ಚೂಡಮ್ಮಾ, ನೋಡು, ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಇಟ್ರೆ ಮನುಷ್ಯರು ಮನುಷ್ಯರ ಥರ ಕಾಣ್ತಾರೆ. ಕೆಳಗಿಂದ ನೋಡಿದ್ರೆ ದೇವರ ಥರ ಕಾಣ್ತಾರೆ, ಇಲ್ಲಾಂದ್ರೆ ದೆವ್ವದ ಥರ" ಅಂದರು. ಆಮೇಲೆ ಬೆಳ್ಳಿ ಕಾಗದ ಅಂಟಿಸಿದ ಹಲಗೆಯನ್ನು ಗುಂಡಿಯ ಅಂಚಿಗೆ ಒರಗಿಸಿ, ಬಿಸಿಲು ದೊಡ್ಡಮ್ಮನ ಗದ್ದದ ಕೆಳಗಿನಿಂದ ಮೇಲಕ್ಕೆ ಬೀಳುವ ಹಾಗೆ ಮಾಡಿದರು.

ದೊಡ್ಡಮ್ಮನಿಗೆ ಬೆಳಕು ಕಣ್ಣಿಗೆ ಕುಕ್ಕಿ ನೀರು ಬಂತು. ಎಲ್ಲಿ ನೋಡಬೇಕೆಂದು ತಿಳಿಯದೆ ನನ್ನ ಕಡೆ ನೋಡಿ ನಗುತ್ತಿದ್ದರು. ಅಷ್ಟರಲ್ಲಿ, ಅಂಗಳದ ಚಾಪೆಯ ಮೇಲೆ ಅವರು ಒಣಗಲು ಹಾಕಿದ್ದ ಸಂಡಿಗೆಗೆ ಕಾಗೆ ಬಂತು. ದೊಡ್ಡಮ್ಮನ ನಗು ನಿಂತಿತು. ಕಣ್ಣು ಮಿಟುಕಿಸದೆ ಕಾಗೆಯನ್ನೇ ನೋಡಿದರು. ಅದು ಒಂದು ಸಂಡಿಗೆ ಕಚ್ಚಿದ ಕೂಡಲೇ "ಉಶ್" ಎಂದು ಕೈ ಎತ್ತಿದರು. ಅಷ್ಟೇ. "ಓಕೆ" ಎಂದು ಗುಂಡಿಯೊಳಗಿಂದ ಕೂಗು ಬಂತು. ನಮಗೆ ಕೆಲಸ ಶುರುವಾದದ್ದೂ ಗೊತ್ತಾಗಿರಲಿಲ್ಲ, ಮುಗಿದದ್ದೂ ಗೊತ್ತಾಗಲಿಲ್ಲ. ಸಿನಿಮಾದವರು ಗುಂಡಿ ಮುಚ್ಚಿಸಿ ಹೊರಟುಹೋದರು.

ಮುಂದಿನ ವರ್ಷ ಆ ಸಿನಿಮಾ ಕೋಲಾರಕ್ಕೆ ಬಂತು. ಅಮ್ಮ, ನಾನು, ಪಕ್ಕದ ಮನೆಯ ಖಾಲಾ ಮೂವರೂ ಮಧ್ಯಾಹ್ನದ ಆಟಕ್ಕೆ ಹೋದೆವು. ಖಾಲಾ ಬಳೆ ಅಂಗಡಿಯವರ ಹೆಂಡತಿ. ಅವರ ಮಾತಿನಲ್ಲಿ ಖಾಲಾ ಎಂದರೆ ಚಿಕ್ಕಮ್ಮ, ನಾವೂ ಹಾಗೇ ಕರೆಯುತ್ತಿದ್ದೆವು. ನಮ್ಮ ಎರಡು ಮನೆಗಳ ನಡುವೆ ಒಂದು ಮೋಟು ಗೋಡೆ ಮಾತ್ರ. ದೊಡ್ಡಮ್ಮ ಬರಲಿಲ್ಲ, ಹಿಂದಿನ ಬೀದಿಯ ಬಾಣಂತಿಗೂ ಮಗುವಿಗೂ ಅಂದು ನೀರು ಹಾಕುವುದಿತ್ತು. "ನೀವ್ ನೋಡ್ಕೊಂಡ್ ಬನ್ನಿ. ನಾನ್ ಚೆನ್ನಾಗಿ ಕಾಣ್ತೀನಾ ಅಂತ ಹೇಳಿ" ಎಂದು ಬಾಗಿಲಲ್ಲಿ ನಿಂತು ಕಳಿಸಿಕೊಟ್ಟರು.

ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ನಮ್ಮ ಬಾಗಿಲು ಬಂತು. ನಾನು ಹುಟ್ಟಿದಾಗಿನಿಂದ ದಾಟಿದ ಬಾಗಿಲು. ಅದು ಓರೆಯಾಗಿತ್ತು. ಬಾಗಿಲು ವಾಲಿದ್ದಲ್ಲ, ಇಡೀ ಭೂಮಿಯೇ ಒಂದು ಕಡೆ ಜಾರುತ್ತಿರುವ ಹಾಗೆ. ಇಟ್ಟಿಗೆ ಸಿಕ್ಕಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ, ಆದರೂ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಮೇಲೆ ಪಡಸಾಲೆ. ಕಂಬಳಿಯ ಮೇಲೆ ಎಳೆದ ಕ್ಯಾಮೆರಾ ಈಗ ಕ್ಯಾಮೆರಾ ಆಗಿರಲಿಲ್ಲ. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹರಿದುಹೋಗುವ ಯಾವುದೋ ಒಂದು ಪ್ರಾಣಿಯ ಕಣ್ಣಾಗಿತ್ತು. ನಮ್ಮ ಮನೆಯೊಳಗೆ ಅದು ಹೋಗುತ್ತಿತ್ತು, ನಾವು ಅದರೊಳಗೆ ಕೂತು ಹೋಗುತ್ತಿದ್ದೆವು. ಕೋಣೆಯಲ್ಲಿ ತೊಟ್ಟಿಲು, ತೊಟ್ಟಿಲಲ್ಲಿ ಕೂಸು. ಅಟ್ಟದಷ್ಟು ಎತ್ತರದಿಂದ ನೋಡಿದಾಗ ಆ ಕೂಸು ಯಾರಾದರೂ ಹೆಕ್ಕಿಕೊಂಡು ಹೋಗಬಹುದಾದ ಒಂದು ಹಿಟ್ಟಿನ ಉಂಡೆಯ ಹಾಗೆ ಕಂಡಿತು. ನಮ್ಮ ಮನೆಗೆ ಯಾವ ಕೂಸನ್ನೂ ಅವರು ತಂದಿರಲಿಲ್ಲ. ಬೇರೆಲ್ಲೋ ತೆಗೆದು ಇಲ್ಲಿಗೆ ಸೇರಿಸಿದ್ದರು.

ಆಮೇಲೆ ಎರಡು ಕಣ್ಣು. ಪರದೆಯ ತುಂಬ ಬರೀ ಎರಡು ಕಣ್ಣು. ಮಿಟುಕದ, ಅಂಚಿನಲ್ಲಿ ನೀರು ಹೊಳೆಯುವ ಕಣ್ಣು. ಅವು ಕೂಸನ್ನು ನೋಡುತ್ತಿದ್ದವು. ಅದು ಕಾಗೆ, ಅದು ಕಾಗೆಯನ್ನು ನೋಡಿದ್ದು ಎಂದು ನನ್ನೊಳಗೆ ಯಾರೋ ಹೇಳುತ್ತಿದ್ದರು. ಕೂಡಲೇ ಗುಂಡಿಯೊಳಗಿಂದ ತೆಗೆದ ಚಿತ್ರ ಬಂತು. ಆಕಾಶಕ್ಕೆ ತಾಗುವ ಹಾಗೆ ಒಂದು ಹೆಂಗಸು. ಮೊದಲು ಗದ್ದ, ಆಮೇಲೆ ಮೂಗಿನ ಹೊಳ್ಳೆಗಳ ಎರಡು ಕಪ್ಪು ತೂತು, ಅದರ ಮೇಲೆಲ್ಲೋ ಕಣ್ಣಿನ ಬಿಳುಪು, ಸುತ್ತ ಹಾರುವ ಬಿಳಿ ಕೂದಲು. ಅವಳು ಕೈ ಎತ್ತಿದಳು. ಆ ಕೈ ತಲೆಗಿಂತ ದೊಡ್ಡದಾಗಿ ನಮ್ಮ ಮುಖದ ಮೇಲೆ ಬಂತು.

ನಾನು ಕಿರುಚಿದೆ. ಮೈಮರೆತು ಕಿರುಚಿದೆ. ಖಾಲಾ "ಯಾ ಅಲ್ಲಾ!" ಎಂದು ನನ್ನ ತೋಳಿಗೆ ಉಗುರು ಊರಿದರು. ಹಿಂದಿನ ಸಾಲಿನಲ್ಲಿ ಯಾರೋ ಗಂಡಸು "ಅಮ್ಮೋ! ಏಂ ಚೂಪುರಾ ಅದಿ!" ಎಂದ. ಎಂಥಾ ನೋಟ ಅದು, ಎಂದು. ಅಮ್ಮ ಕಿರುಚಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ಪರದೆಯನ್ನೇ ನೋಡುತ್ತಿದ್ದಳು.

ವಾಪಸ್ಸು ಬಸ್ಸು ಹತ್ತಿದೆವು. ಊರು ಹತ್ತಿರ ಬಂದಾಗ ಅಮ್ಮ, "ಅಕ್ಕಂಗೆ ಹೇಳ್ಬೇಡ. ಅವರ ಭಾಗ ಕತ್ತರಿಸಿಬಿಟ್ಟಿದ್ದಾರೆ ಅಂತ ನಾನೇ ಹೇಳ್ತೀನಿ" ಅಂದಳು. ಹಾಗೇ ಹೇಳಿದಳು. ದೊಡ್ಡಮ್ಮನ ಮುಖ ಸ್ವಲ್ಪ ಸಪ್ಪೆಯಾಯಿತು. "ಹೋಗ್ಲಿ ಬಿಡು. ಹಳೇ ಸೀರೆ ಬೇರೆ ಉಟ್ಟಿದ್ದೆ" ಅಂದರು.

ಬಸ್ಸಿನ ಅಲುಗಾಟಕ್ಕೆ ತಲೆ ಸಿಡಿಯುತ್ತಿತ್ತು ಎಂದು ಚಾಪೆಯ ಮೇಲೆ ಅಡ್ಡಾದೆ. ದೊಡ್ಡಮ್ಮ ಶುಂಠಿ ತೇಯ್ದುಕೊಂಡು ಬಂದು, ಹಣೆಗೆ ಹಚ್ಚಲು ನನ್ನ ಮೇಲೆ ಬಾಗಿದರು. ನಾನು ಕಣ್ಣು ಬಿಟ್ಟೆ. ಮೊದಲು ಗದ್ದ ಕಂಡಿತು, ಆಮೇಲೆ ಮೂಗಿನ ಹೊಳ್ಳೆ. ಧಡಕ್ಕನೆ ಎದ್ದು ಗೋಡೆಗೆ ಒತ್ತಿಕೊಂಡು ಕೂತುಬಿಟ್ಟೆ. ಶುಂಠಿಯ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು.

"ಏನಾಯ್ತೇ? ನಾನು ಕಣೇ" ಅಂದರು ದೊಡ್ಡಮ್ಮ.

ಆ ಸಿನಿಮಾ ನಮ್ಮೂರಿನ ಟಾಕೀಸಿಗೆ ಬರುವ ಹೊತ್ತಿಗೆ ಮಾವು ಕೀಳುವ ಕಾಲ, ನನಗೆ ಕಾಲೇಜು ರಜೆ. ಹಣ್ಣಿನ ಮಂಡಿಗೆ ಬಂದ ಜನವೆಲ್ಲ ಸಿನಿಮಾ ನೋಡಿದರು. ಮೊದಲು ಬೀದಿಯ ಮಕ್ಕಳು ಬದಲಾದರು. ದೊಡ್ಡಮ್ಮ ಬಾಗಿಲಿಗೆ ಬಂದರೆ ಗೋಲಿ ಬಿಟ್ಟು ಓಡಿಹೋಗುತ್ತಿದ್ದರು. ಅದು ಆಟವೆಂದುಕೊಂಡು ದೊಡ್ಡಮ್ಮನೂ ನಗುತ್ತಿದ್ದರು. ಆಮೇಲೆ ದೊಡ್ಡವರು. ಎಳೆಗೂಸನ್ನು ಎತ್ತಿಕೊಂಡು ಬೀದಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು, ದೊಡ್ಡಮ್ಮ "ಎಲ್ಲಿ, ನೋಡಣ" ಎಂದು ಬಗ್ಗಿದ ಕೂಡಲೇ ಮಗುವಿನ ಮುಖಕ್ಕೆ ಸೆರಗು ಮುಚ್ಚಿ ಸರಸರ ನಡೆದಳು. ಅವಳು ತಾನು ಹುಟ್ಟಿದಾಗ ದೊಡ್ಡಮ್ಮನ ಕಾಲ ಮೇಲೇ ಮಲಗಿ ನೀರು ಹಾಕಿಸಿಕೊಂಡವಳು. ನಾನು ಜಗಲಿಯ ಮೇಲೆ ನಿಂತು ಅದನ್ನು ನೋಡಿದೆ. ಕಪಾಳಕ್ಕೆ ಹೊಡೆದ ಹಾಗಾಯಿತು.

ಎದುರು ಬೀದಿಯಲ್ಲಿ ಒಂದು ಹೆರಿಗೆಯಾಯಿತು. ತಿಂಗಳ ಮುಂಚೆಯೇ ದೊಡ್ಡಮ್ಮನಿಗೆ ಹೇಳಿಟ್ಟಿದ್ದರು. ಅವರು ಬೆಳಗ್ಗೆ ಎದ್ದು ಹರಳೆಣ್ಣೆ ಬೆಚ್ಚಗೆ ಮಾಡಿ ಬಟ್ಟಲಲ್ಲಿಟ್ಟುಕೊಂಡು ಕಾದರು. ಕರೆ ಬರಲಿಲ್ಲ. ಎಣ್ಣೆ ಆರಿತು, ಮತ್ತೆ ಬೆಚ್ಚಗೆ ಮಾಡಿದರು. ಕೊನೆಗೆ ತಾವೇ ಹೋದರು. ಬಾಗಿಲಲ್ಲೇ ಬಾಣಂತಿಯ ಅತ್ತೆ ತಡೆದು, "ಬೇರೆಯೋರಿಗೆ ಹೇಳಿದೀವಮ್ಮ. ನೀವ್ಯಾಕೆ ತೊಂದ್ರೆ ತಗೋತೀರಾ" ಅಂದರಂತೆ.

ದೊಡ್ಡಮ್ಮ ವಾಪಸ್ಸು ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು. ಕೈಯಲ್ಲಿ ಇನ್ನೂ ಎಣ್ಣೆ ಬಟ್ಟಲಿತ್ತು. "ನಾನೇನ್ ಮಾಡ್ದೆ?" ಎಂದು ಅಮ್ಮನನ್ನು ಕೇಳಿದರು. ಅಮ್ಮ ಒಲೆಯ ಕಡೆ ತಿರುಗಿಕೊಂಡಳು. ನನ್ನನ್ನು ಕೇಳಿದರು. "ನನ್ ಕೈಯಲ್ಲೇನಾದ್ರೂ ದೋಷ ಕಂಡ್ರಾ? ಹೇಳೇ."

ನನಗೆ ತಡೆಯಲಾಗಲಿಲ್ಲ. ಸಿನಿಮಾದಲ್ಲಿ ಅವರ ಭಾಗ ಕತ್ತರಿಸಿಲ್ಲ, ಇದೆ, ಮಗು ನುಂಗುವ ದೆವ್ವ ಮಾಡಿದ್ದಾರೆ ಎಂದು ಹೇಳಿಬಿಟ್ಟೆ. ದೊಡ್ಡಮ್ಮ ಎಣ್ಣೆ ಬಟ್ಟಲನ್ನು ನೆಲಕ್ಕಿಟ್ಟರು. "ನಾನು ಕಾಗೆ ಓಡ್ಸಿದ್ದಲ್ವೇನೆ?" ಅಂದರು. ಆಮೇಲೆ, "ನಾನ್ ನೋಡ್ಬೇಕು. ಕರ್ಕೊಂಡ್ ಹೋಗು" ಅಂದರು. ಅಮ್ಮ ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಮಾರನೆಯ ದಿನ ಮಧ್ಯಾಹ್ನದ ಆಟಕ್ಕೆ ನಾವಿಬ್ಬರೇ ಹೋದೆವು. ಜನ ಗುರುತಿಸದಿರಲಿ ಎಂದು ದೀಪ ಆರಿದ ಮೇಲೆ ಒಳಗೆ ಕರೆದೊಯ್ದೆ. ದೊಡ್ಡಮ್ಮ ಒಗೆದ ಸೀರೆ ಉಟ್ಟು, ಕೂದಲನ್ನು ಬಿಗಿಯಾಗಿ ಗಂಟು ಕಟ್ಟಿಕೊಂಡಿದ್ದರು. ನಮ್ಮ ಬಾಗಿಲು ಓರೆಯಾಗಿ ಬಂದಾಗ "ಅಯ್ಯೋ, ಹಿಂಗ್ಯಾಕ್ ಮಾಡವ್ರೆ" ಎಂದು ಮೆಲ್ಲಗೆ ಅಂದರು. ಕಂಬಳಿಯ ಎಳೆತಕ್ಕೆ ನನ್ನ ಮೊಣಕೈ ಹಿಡಿದರು. ತೊಟ್ಟಿಲ ಕೂಸಿಗೆ "ಪಾಪ" ಎಂದರು. ಪರದೆಯ ತುಂಬ ಕಣ್ಣು ಬಂದಾಗ ಅವು ತಮ್ಮವೆಂದು ಅವರಿಗೆ ತಿಳಿಯಲೇ ಇಲ್ಲ.

ಆಮೇಲೆ ಆ ದೊಡ್ಡ ಹೆಂಗಸು ಬಂದಳು. ಗದ್ದ, ಹೊಳ್ಳೆ, ಎತ್ತಿದ ಕೈ. ಸುತ್ತಲ ಜನ ಹೋ ಎಂದು ಕಿರುಚಿದರು. ದೊಡ್ಡಮ್ಮ ಕಿರುಚುತ್ತಾರೆ ಅಂದುಕೊಂಡಿದ್ದೆ. ಅಥವಾ ಅಳುತ್ತಾರೆ. ಎರಡೂ ಆಗಲಿಲ್ಲ. ಅವರು ಕಾಲನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡು ಮುದುಡಿದರು. ಎರಡು ತೋಳನ್ನೂ ತಲೆಯ ಮೇಲೆ ಅಡ್ಡ ಹಿಡಿದರು, ಹೊಡೆತ ತಪ್ಪಿಸಿಕೊಳ್ಳುವವರ ಹಾಗೆ. ಅವರ ಬಾಯಿಂದ ಸಣ್ಣ ದನಿ ಬಂತು. ಅರವತ್ತು ದಾಟಿದವರ ದನಿ ಅಲ್ಲ, ಹುಡುಗಿಯ ದನಿ.

"ಇಲ್ಲ ಅತ್ತೆ, ಇಲ್ಲ. ಇನ್ ಮಾಡಲ್ಲ ಅತ್ತೆ."

ನನಗೆ ಪರದೆ ಮರೆತುಹೋಯಿತು. ಅವರನ್ನು ಹಿಡಿದುಕೊಂಡೆ. ಅಷ್ಟರಲ್ಲಿ ಇಂಟರ್‌ವಲ್ಲಿನ ದೀಪ ಹತ್ತಿತು. ಮುಂದಿನ ಸಾಲಿನ ಹೆಂಗಸೊಬ್ಬಳು ತಿರುಗಿ ನೋಡಿ, ತೋಳಿನ ಸಂದಿನಲ್ಲಿ ದೊಡ್ಡಮ್ಮನ ಮುಖ ಕಂಡು, ಬಾಯಿ ತೆರೆದು ಹಾಗೇ ನಿಂತಳು. ಅವಳ ಪಕ್ಕದವರೂ ತಿರುಗಿದರು. ಒಂದಿಡೀ ಸಾಲು ಎದ್ದು ಗೋಡೆಯ ಕಡೆ ಸರಿಯಿತು. ಇಬ್ಬರು ಮಕ್ಕಳು ಚೀರಿಕೊಂಡು ಹೊರಗೆ ಓಡಿದರು. ತೋಳಿನೊಳಗೆ ತಲೆ ಹುದುಗಿಸಿ ನಡುಗುತ್ತಿರುವ ಮುದುಕಿಯನ್ನು ಕಂಡು ಅಷ್ಟು ಜನ ಹೆದರಿ ಓಡಿದ್ದನ್ನು ನಾನು ಕಣ್ಣಾರೆ ಕಂಡೆ. ಹಿಡಿದು ನಡೆಸಿಕೊಂಡು ಹೊರಗೆ ಬಂದೆ.

ಟಾಕೀಸಿನ ಎದುರಿನ ಸೋಡಾ ಅಂಗಡಿಯ ಬೆಂಚಿನ ಮೇಲೆ ಕೂರಿಸಿದೆ. ಅರ್ಧ ಸೋಡಾ ಕುಡಿದ ಮೇಲೆ ಅವರಿಗೆ ಉಸಿರು ಬಂತು.

"ಅದು ನಾನಲ್ಲ ಕಣೇ" ಅಂದರು.

"ನೀವೇ ದೊಡ್ಡಮ್ಮ. ಕ್ಯಾಮೆರಾ ಗುಂಡಿಯೊಳಗಿತ್ತಲ್ಲ, ಅದಕ್ಕೆ..."

"ಅಲ್ಲ. ಅದು ನಿಮ್ಮಜ್ಜಿ."

ಅಜ್ಜಿ ಎಂದರೆ ಅಪ್ಪನ ತಾಯಿ, ದೊಡ್ಡಮ್ಮನಿಗೆ ಅತ್ತೆ. ತೀರಿಕೊಂಡು ವರ್ಷಗಳೇ ಆಗಿದ್ದವು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ತೋಟ ಸುತ್ತಿಸಿದವಳು, ಮಡಿಲಲ್ಲಿ ಬೆಲ್ಲದ ಚೂರು ಇಟ್ಟುಕೊಂಡು ಯಾರಿಗೂ ಕಾಣದ ಹಾಗೆ ನನ್ನ ಬಾಯಿಗೆ ಹಾಕುತ್ತಿದ್ದವಳು. ಸೊಂಟದ ಮೇಲಿದ್ದ ನನಗೆ ಅವಳ ಮುಖ ಯಾವಾಗಲೂ ನನ್ನ ಮುಖದ ಪಕ್ಕದಲ್ಲೇ ಇರುತ್ತಿತ್ತು. ಅವಳ ಕೆನ್ನೆಯ ಸುಕ್ಕು, ಹೊಗೆಸೊಪ್ಪಿನ ವಾಸನೆ ನನಗೆ ಈಗಲೂ ನೆನಪಿದೆ. ಗದ್ದದ ಕೆಳಗಿನಿಂದ ಅವಳು ಹೇಗೆ ಕಾಣುತ್ತಾಳೆಂದು ನನಗೆ ಗೊತ್ತಿರಲಿಲ್ಲ.

"ನಾನು ಬಂದಾಗ ಹದಿಮೂರು ತುಂಬಿರ್ಲಿಲ್ಲ" ಅಂದರು ದೊಡ್ಡಮ್ಮ, ಸೋಡಾ ಬಾಟಲಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು. "ಮುದ್ದೆ ಗಂಟು ಗಂಟಾಗೋದು. ಗಡಿಗೆ ಕೈ ಜಾರೋದು. ಮೊದಲ್ನೇ ಏಟಿಗೇ ಬಿದ್ಬಿಡ್ತಿದ್ದೆ, ಸಣ್ಣ ಮೈ ನೋಡು. ಬಿದ್ಮೇಲೆ ಮೇಲ್ ನೋಡಿದ್ರೆ ಹಂಗೇ. ಗದ್ದ ಕಾಣೋದು, ಮೂಗಿನ ಹೊಳ್ಳೆ ಕಾಣೋದು, ಕಣ್ಣು ಆಮೇಲೆ. ಕೈಯಂತೂ ಅಷ್ಟು ದೊಡ್ಡದು. ಆ ಗುಂಡಿಯೋರಿಗೆ ಹೆಂಗ್ ಗೊತ್ತಾಯ್ತು ಅದು?"

ಏನಾದರೂ ಹೇಳಬೇಕೆಂದು, "ಅಜ್ಜಿ ಹಂಗಿರ್ಲಿಲ್ಲ ದೊಡ್ಡಮ್ಮ" ಎಂದೆ.

"ನಿಂಗಲ್ಲ" ಅಂದರು.

ಮನೆಗೆ ಬಂದವಳೇ ಅಮ್ಮನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಕೇಳಿದೆ. ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಸುಳ್ಳು ಎನ್ನುತ್ತಾಳೆ, ಅಕ್ಕ ಏನೋ ಹೆದರಿ ಆಡಿದ ಮಾತು ಎನ್ನುತ್ತಾಳೆ ಎಂದು ಕಾದೆ.

"ಗೊತ್ತಿತ್ತು" ಅಂದಳು ಅಮ್ಮ. "ನಾನು ಈ ಮನೆಗೆ ಬರೋ ಹೊತ್ತಿಗೆ ಅತ್ತೆಗೆ ವಯಸ್ಸಾಗಿತ್ತು, ಕೈ ಎತ್ತೋ ಸಿಟ್ಟು ಇಳಿದಿತ್ತು. ಅದಕ್ಕೇ ನಾನು ಬಚಾವಾದೆ."

"ಅಪ್ಪಂಗೆ?"

"ಎಲ್ರಿಗೂ ಗೊತ್ತಿತ್ತು. ಯಾರ್ ಏನ್ ಮಾಡ್ತಿದ್ರು? ಎಲ್ರ ಮನೇಲೂ ಇದ್ದದ್ದೇ." ಅಮ್ಮ ಬೂದಿ ಹಾಕಿ ತಪ್ಪಲೆ ಉಜ್ಜುತ್ತಲೇ ಇದ್ದಳು. "ಕೋಲಾರದಲ್ಲಿ ನೋಡಿದಾಗ್ಲೇ ನಂಗೂ ಅತ್ತೇನೇ ಅನ್ನಿಸ್ತು. ಕಿರುಚಕ್ಕೂ ಆಗ್ಲಿಲ್ಲ."

ನಾನು ಬಾವಿ ಕಟ್ಟೆಯ ಮೇಲೆ ಕೂತುಬಿಟ್ಟೆ. ಸಿನಿಮಾದವರು ನಮ್ಮ ಮನೆಯೊಳಗೆ ಇಲ್ಲದ್ದನ್ನು ತಂದಿಟ್ಟರು ಎಂದು ಅಷ್ಟು ದಿನ ಸಿಟ್ಟಾಗಿದ್ದೆ. ಮನೆಯೊಳಗೇ ಇದ್ದದ್ದು ನನ್ನ ಕಣ್ಣಿಗೆ ಮಾತ್ರ ಬಿದ್ದಿರಲಿಲ್ಲ. ಅಜ್ಜಿಯ ಬೆಲ್ಲದ ರುಚಿ ಬಾಯಿಗೆ ಬಂತು, ಅಲ್ಲೇ ಉಗಿಯಬೇಕೆನಿಸಿತು, ಉಗಿಯಲೂ ಆಗಲಿಲ್ಲ.

ಅಂದಿನಿಂದ ದೊಡ್ಡಮ್ಮ ಹೊರಗೆ ಹೋಗುವುದನ್ನೇ ಬಿಟ್ಟರು. ಜನ ಕರೆಯದಿದ್ದದ್ದು ಒಂದು ಕಡೆ, ಈಗ ಅವರಿಗೇ ಅಳುಕು ಹುಟ್ಟಿತ್ತು. ಒಂದು ದಿನ ಅಕ್ಕಿ ಆರಿಸುತ್ತ ಇದ್ದಕ್ಕಿದ್ದ ಹಾಗೆ ಹೇಳಿದರು: "ಕೂಸುಗಳು ನನ್ ಕಾಲ್ ಮೇಲೆ ಅಂಗಾತ ಮಲಗಿರ್ತಾವಲ್ಲೇ. ನಾನ್ ಮೇಲಿಂದ ಬಗ್ಗಿರ್ತೀನಿ. ಅವಕ್ಕೆ ನಾನು ಹಂಗೇ ಕಾಣ್ತಿದ್ದೆ ಅಲ್ವಾ? ಇಷ್ಟು ವರ್ಷ ಅವು ಅಳ್ತಿದ್ದದ್ದು ಅದಕ್ಕೇನೋ." ಎಣ್ಣೆಗೆ, ಬಿಸಿ ನೀರಿಗೆ ಅಳುತ್ತವೆ ದೊಡ್ಡಮ್ಮ ಎಂದು ನಾನು ಎಷ್ಟು ಹೇಳಿದರೂ ತಲೆ ಅಲ್ಲಾಡಿಸಿದರು. ನಿದ್ದೆ ಕಡಿಮೆಯಾಯಿತು, ಊಟ ಸೇರುತ್ತಿರಲಿಲ್ಲ.

ಖಾಲಾನ ಮಗಳು ಹೆರಿಗೆಗೆಂದು ಮುಳಬಾಗಿಲಿನಿಂದ ತವರಿಗೆ ಬಂದಿದ್ದಳು. ಗಂಡುಮಗುವಾಯಿತು. ಒಂದು ಬೆಳಗ್ಗೆ ಖಾಲಾ ಮೋಟು ಗೋಡೆಯನ್ನು ಸುತ್ತಿ ಬಾರದೆ ಅದರ ಮೇಲೇ ಕಾಲು ಹಾಕಿ ದಾಟಿ ನಮ್ಮ ಹಿತ್ತಿಲಿಗೆ ಇಳಿದರು.

"ಅಕ್ಕಾ, ನೀರು ಕಾದದೆ. ಬಾ."

"ನಂಗೆ ಬೇಡ. ಬೇರೆ ಯಾರ್ನಾದ್ರೂ ಕರಿ" ಅಂದರು ದೊಡ್ಡಮ್ಮ. "ನೀನೂ ನೋಡಿದೀಯಲ್ಲ ಅದನ್ನ."

"ನೋಡೀನಿ. ಇವಳ ಕೈ ಹರ್ದು ರಕ್ತ ಬರೋ ಹಂಗೆ ಹಿಡ್ದಿದ್ದೆ, ಕೇಳು. ಮನೆಗೆ ಬಂದೂ ಹೆದರ್ಕೊಂಡೆ. ನಿಂಗೇನು ಸುಳ್ಳು ಹೇಳ್ಲಿ?" ಖಾಲಾ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಅದು ಆ ಮಿಷನ್ ಮಾಡಿದ್ದು. ನನ್ನ ಮಗಳು ಹುಟ್ಟಿದಾಗ ನೀರು ಹಾಕಿದ್ದು ನೀನು. ಆ ಮಿಷನ್ ಬಂದು ಹಾಕಿತ್ತಾ? ಏಳು ಏಳು, ನೀರು ಆರ್ತದೆ."

ಕೈ ಹಿಡಿದು ಎಳೆದುಕೊಂಡೇ ಹೋದರು. ನಾನೂ ಹಿಂದೆ ಹೋದೆ. ದೊಡ್ಡಮ್ಮ ಮಣೆಯ ಮೇಲೆ ಕೂತು ಕಾಲು ನೀಡಿದರು. ಖಾಲಾ ಕೂಸನ್ನು ಕೊಟ್ಟರು. ದೊಡ್ಡಮ್ಮ ಅದನ್ನು ಕಾಲ ಮೇಲೆ ಮಲಗಿಸಲಿಲ್ಲ. ಎರಡು ಅಂಗೈಯಲ್ಲಿ ಎತ್ತಿ, ತಮ್ಮ ಮುಖದ ಎದುರಿಗೆ, ಕಣ್ಣಿಗೆ ಕಣ್ಣು ಸೇರುವ ಮಟ್ಟಕ್ಕೆ ತಂದುಕೊಂಡರು. ಹಾಗೇ ಬಹಳ ಹೊತ್ತು ಹಿಡಿದಿದ್ದರು. "ನೋಡ್ಕೋ. ನಾನು ಹಿಂಗಿರೋದು" ಎಂದು ಪಿಸುಗುಟ್ಟಿದರು. ಆಮೇಲೆ ಮೆಲ್ಲಗೆ ಮಲಗಿಸಿ ಎಣ್ಣೆ ಬಟ್ಟಲಿಗೆ ಕೈ ಅದ್ದಿದರು. ಕೂಸು ಅತ್ತಿತು, ಎಲ್ಲ ಕೂಸುಗಳೂ ಅಳುವ ಹಾಗೆ. ದೊಡ್ಡಮ್ಮ ಕೈ ನಿಲ್ಲಿಸಲಿಲ್ಲ.

ಖಾಲಾ ತಮ್ಮ ಬಳೆ ಅಂಗಡಿಗೆ ಬಂದವರಿಗೆಲ್ಲ ಅದನ್ನು ಹೇಳಿದರು. ಮೆಲ್ಲಗೆ ಒಂದೊಂದೇ ಮನೆಯಿಂದ ಕರೆ ಬರತೊಡಗಿತು. ಎಲ್ಲರೂ ಬರಲಿಲ್ಲ. ಎದುರು ಬೀದಿಯ ಆ ಮನೆಯವರು ದೊಡ್ಡಮ್ಮ ಬದುಕಿರುವ ತನಕ ಕರೆಯಲಿಲ್ಲ. ಎಂಬತ್ತರ ದಶಕದ ನಡುವೆ ನನ್ನ ಮದುವೆಯಾಗಿ ಮಾಲೂರಿಗೆ ಹೋದಾಗ, ಗಂಡನ ಕಡೆಯ ಒಬ್ಬ ಹೆಂಗಸು ನನ್ನ ಜೊತೆಗೆ ಬಂದಿದ್ದ ದೊಡ್ಡಮ್ಮನನ್ನು ದಿಟ್ಟಿಸಿ ನೋಡಿ, "ಇವರೇ ಅಲ್ವಾ ಅದು?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ಮೈ ಉರಿಯಿತು. ದೊಡ್ಡಮ್ಮನಿಗೆ ಕೇಳಿಸಿತೋ ಇಲ್ಲವೋ, ಊಟದ ಎಲೆಯ ಮೇಲಿಂದ ತಲೆ ಎತ್ತಲಿಲ್ಲ.

ಆ ಮದುವೆಯ ಮುಂಚೆ ಮನೆಗೆ ಸುಣ್ಣ ಹೊಡೆಸಿದರು. ನಡುಮನೆಯಲ್ಲಿ ಸೂರಿಗೆ ತಾಗುವಷ್ಟು ಎತ್ತರದಲ್ಲಿ ಮುಂದಕ್ಕೆ ಬಾಗಿಸಿ ತೂಗುಹಾಕಿದ್ದ ಪಟಗಳನ್ನೆಲ್ಲ ಇಳಿಸಿ ಕೆಳಗೆ ಗೋಡೆಗೆ ಒರಗಿಸಿಟ್ಟಿದ್ದರು. ಅದರಲ್ಲಿ ಅಜ್ಜಿಯ ಪಟವೂ ಇತ್ತು. ನಾನು ಬಾಗಿಲ ಹತ್ತಿರ ಹೂ ಕಟ್ಟುತ್ತಿದ್ದೆ. ದೊಡ್ಡಮ್ಮ ಒದ್ದೆ ಬಟ್ಟೆ ತಂದು ಒಂದೊಂದೇ ಗಾಜು ಒರೆಸುತ್ತ ಬಂದರು. ಅಜ್ಜಿಯ ಪಟದ ಮುಂದೆ ನೆಲದ ಮೇಲೆ ಕೂತರು. ಧೂಳು ಒರೆಸಿ, ಬಟ್ಟೆ ಪಕ್ಕಕ್ಕಿಟ್ಟು, ಪಟವನ್ನು ಹತ್ತಿರ ಎಳೆದುಕೊಂಡು ನೋಡಿದರು. ನನ್ನ ಬೆರಳು ದಾರದ ಮೇಲೆ ನಿಂತುಹೋಯಿತು.

"ಇಷ್ಟು ಚಿಕ್ಕ ಮುಖಾನೇನೆ ಇವರದ್ದು?" ಅಂದರು, ನನ್ನ ಕಡೆ ತಿರುಗದೆ.

ಸುಣ್ಣ ಒಣಗಿದ ಮೇಲೆ ಅಪ್ಪ ಮೊಳೆ, ಸುತ್ತಿಗೆ ಹಿಡಿದು ಏಣಿ ತರಲು ಹೊರಟರು. ದೊಡ್ಡಮ್ಮ, "ಅತ್ತೆ ಪಟಕ್ಕೆ ಏಣಿ ಬೇಡ. ಕೆಳಗೇ ಹೊಡಿ. ನಿಂತ್ಕೊಂಡ್ರೆ ಎದುರಿಗೆ ಕಾಣೋ ಹಂಗೆ" ಅಂದರು. ಅಪ್ಪ ಒಂದು ಗಳಿಗೆ ಅತ್ತಿಗೆಯ ಮುಖ ನೋಡಿದರು. ಅವರು ಹೇಳಿದ ಎತ್ತರಕ್ಕೇ ಮೊಳೆ ಹೊಡೆದರು.